ಉಳಿದುಹೋದ ಮಕ್ಕಳು

ತಂದೆಯ ಕ್ರೆಡಿಟ್ ಕಾರ್ಡನ್ನು ಕದ್ದು, ಸುಳ್ಳು ಗುರುತಿನ ಚೀಟಿಯೊಂದನ್ನು ಸಂಪಾದಿಸಿಕೊಂಡು, ಮನೆಯಲ್ಲಿ ಹೇಳದೆ ಕೇಳದೆ ಹದಿನಾರು ವರ್ಷದ ಹುಡುಗನೊಬ್ಬ ಷಿಕಾಗೋದಿಂದ ಲಂಡನ್ನಿಗೆ ಹೊರಟ ವಿಮಾನವನ್ನು ಹತ್ತಿದ್ದಾನೆ. ಅವನ ಹೆಸರು ಜಡ್ ಥಾಂಪ್ಸನ್. ತಾಯಿತಂದೆಗಳ ದೈವಭಕ್ತಿ ಅವನಿಗೆ ಸಾಕುಸಾಕಾಗಿದೆ. ವಿಮಾನವು ಅಟ್ಲಾಂಟಿಕ್ ಸಾಗರದ ಮೇಲೆ ಹಾರುತ್ತಿರುವಾಗ, ರಾತ್ರಿಯ ಹೊತ್ತಿನಲ್ಲಿ, ಎಷ್ಟೋ ಆಸನಗಳು ಇದ್ದಕ್ಕಿದ್ದಂತೆ ಬರಿದಾಗುತ್ತವೆ. ಕುಳಿತಿದ್ದವರು ಎದ್ದು ಹೋದುದಲ್ಲ. ಅವರು ಉಟ್ಟ ಬಟ್ಟೆ ಇದ್ದಲ್ಲಿಯೇ ಇದೆ. ಉಟ್ಟವರು ಮಾತ್ರ ಇಲ್ಲ. ವಿಮಾನ ಅರ್ಧ ದಾರಿಯಿಂದ ಹಿಂದಿರುಗುತ್ತದೆ. ಹುಡುಗ ಹೇಗೋ ಏಗಿ ಮನೆ ಸೇರಿದರೆ ಅಲ್ಲಿಯೂ ಅದೇ ನೋಟ: ಮನೆಯಿದೆ, ಮನೆಯವರಿಲ್ಲ.

೧೯೯೮ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ದಿ ವ್ಯಾನಿಷಿಂಗ್ಸ್’ ಎಂಬ ಕಿರುಕಾದಂಬರಿ ಆರಂಭವಾಗುವುದು ಹೀಗೆ. ‘ಲೆಫ್ಟ್ ಬಿಹೈಂಡ್: ದಿ ಕಿಡ್ಸ್’ ಎಂಬ ಮಾಲೆಯ ಮೊದಲ ಪುಸ್ತಕ ಅದು. ೨೦೦೪ರ ಹೊತ್ತಿಗೆ ಈ ಮಾಲೆಯಲ್ಲಿ ೪೦ ಪುಸ್ತಕಗಳು ಹೊರಬಂದು, ದಶಲಕ್ಷಗಟ್ಟಲೆ ಪ್ರತಿಗಳು ಹತ್ತು ಹದಿನಾಲ್ಕರ ವಯಸ್ಸಿನ ಮಕ್ಕಳ ಕೈಸೇರಿದವು. ಇದರ ತಾಯಿಬೇರು ದೊಡ್ಡವರಿಗಾಗಿ ಬರೆದ ‘ಲೆಫ್ಟ್ ಬಿಹೈಂಡ್’ ಕಾದಂಬರಿಗಳಲ್ಲಿದೆ. ಟಿಂಡೇಲ್ ಹೌಸ್ ಎಂಬ ಕ್ರೈಸ್ತ ಪ್ರಕಾಶನ ಸಂಸ್ಥೆ ೧೯೯೫ರಲ್ಲಿ ಆರಂಭಿಸಿದ ಆ ಮಾಲೆ ೨೦೦೭ರವರೆಗೆ ೧೬ ಸಂಪುಟಗಳಾಗಿ ಬೆಳೆದು, ೬ ಕೋಟಿಗೂ ಮಿಕ್ಕ ಪ್ರತಿಗಳು ಮಾರಾಟವಾದವು. ಗ್ರಂಥಕರ್ತರು ಇಬ್ಬರು. ಟಿಮ್ ಲಹೇ ಧರ್ಮಬೋಧಕರು. ಪ್ರಪಂಚದ ಅಂತ್ಯವು ಯಾವ ಕ್ರಮದಲ್ಲಿ ನಡೆಯುವುದೆಂಬ ಸಿದ್ಧಾಂತ ಅವರದು. ಜೆರಿ ಜೆಂಕಿನ್ಸ್ ವೃತ್ತಿಯಿಂದಲೇ ಬರಹಗಾರರು, ಪತ್ರಿಕೆಗಳ ಚಿತ್ರಕಥೆಗೂ ಮಾತು ಬರೆದವರು, ಕಥೆ ಅವರದು. ಮಕ್ಕಳ ಮಾಲೆಯ ಬಹುಭಾಗಕ್ಕೆ ಕ್ರಿಸ್ ಫ್ಯಾಬ್ರಿ ಎಂಬ ಮೂರನೆಯವರ ನೆರವೂ ಇತ್ತು. ಲಹೇ ೨೦೧೬ರಲ್ಲಿ ತೀರಿಕೊಂಡರು.

ಕಥೆಯ ಹಿಂದಿರುವ ನಂಬಿಕೆಯನ್ನು ಎರಡು ಮಾತಿನಲ್ಲಿ ತಿಳಿಯಬೇಕು. ಕ್ರಿಸ್ತನು ಮತ್ತೊಮ್ಮೆ ಬರುವನೆಂಬುದು ಎಲ್ಲ ಕ್ರೈಸ್ತ ಸಭೆಗಳಿಗೂ ಸಮ್ಮತವಾದ ಮಾತು. ಆದರೆ ಆ ಆಗಮನಕ್ಕೆ ಏಳು ವರ್ಷ ಮುಂಚೆ ನಿಜವಾದ ಭಕ್ತರೆಲ್ಲ ಒಂದೇ ಕ್ಷಣದಲ್ಲಿ ಭೂಮಿಯಿಂದ ಎತ್ತಲ್ಪಡುವರು, ಉಳಿದವರು ಮಹಾಸಂಕಟಕ್ಕೆ ಸಿಕ್ಕುವರು ಎಂಬ ವಿವರ ಅಷ್ಟು ಪ್ರಾಚೀನವಲ್ಲ. ಅದನ್ನು ಒಂದು ವ್ಯವಸ್ಥೆಗೆ ತಂದವರು ೧೯ನೆಯ ಶತಮಾನದ ಜಾನ್ ನೆಲ್ಸನ್ ಡಾರ್ಬಿ. ೧೯೦೯ರಲ್ಲಿ ಸೈರಸ್ ಸ್ಕೋಫೀಲ್ಡ್ ಅಡಿಟಿಪ್ಪಣಿಗಳೊಡನೆ ಹೊರತಂದ ಬೈಬಲ್ ಅದನ್ನು ಅಮೆರಿಕದ ಮನೆಮನೆಗೆ ಮುಟ್ಟಿಸಿತು. ಒಂದೇ ಪುಟದಲ್ಲಿ ಮೇಲೆ ಮೂಲ, ಕೆಳಗೆ ಟೀಕೆ. ಓದುತ್ತ ಓದುತ್ತ ಟೀಕೆಯೇ ಮೂಲವೆನಿಸುವುದು ಎಲ್ಲ ದೇಶಗಳ ಭಕ್ತರಿಗೂ ಸಹಜವಾದ ಭ್ರಮೆ. ರೋಮನ್ ಕ್ಯಾಥೊಲಿಕ್ ಸಭೆಯಾಗಲಿ, ಪೂರ್ವದೇಶಗಳ ಆರ್ಥೊಡಾಕ್ಸ್ ಸಭೆಯಾಗಲಿ, ಪ್ರಾಟೆಸ್ಟೆಂಟರಲ್ಲಿಯೇ ಅನೇಕರಾಗಲಿ ಈ ವಾದವನ್ನು ಒಪ್ಪಿಲ್ಲ. ಪತ್ಮೋಸ್ ದ್ವೀಪದ ಯೋಹಾನನು ರೋಮನ್ ಸಾಮ್ರಾಜ್ಯದ ನೆರಳಿನಲ್ಲಿ ಬದುಕುತ್ತಿದ್ದ ಚಿಕ್ಕ ಚಿಕ್ಕ ಸಭೆಗಳಿಗೆ ಧೈರ್ಯ ಹೇಳಲೆಂದು ಬರೆದ ‘ಪ್ರಕಟನೆ’ ಎಂಬ ಗ್ರಂಥವು ಪ್ರತಿಮೆಗಳ ಕಾಡು: ಏಳು ಮುದ್ರೆ, ಏಳು ತುತೂರಿ, ಏಳು ಪಾತ್ರೆ, ಮೃಗ, ಘಟಸರ್ಪ. ಲಹೇಯವರ ಕೈಯಲ್ಲಿ ಆ ಕಾಡು ರೈಲ್ವೆ ವೇಳಾಪಟ್ಟಿಯಾಯಿತು. ಯಾವ ವರ್ಷ ಯಾವ ಅನಾಹುತ ಎಂಬುದು ಮೊದಲೇ ಅಚ್ಚಾಗಿದೆ. ಗಾಡಿ ಬರುವುದಷ್ಟೇ ಬಾಕಿ. ಭಾರತೀಯ ಪುರಾಣಗಳ ಪ್ರಳಯದ ಬೆನ್ನಿಗೆ ಮತ್ತೆ ಸೃಷ್ಟಿಯುಂಟು. ಇಲ್ಲಿ ಅಂತ್ಯ ಒಂದೇ ಸಲ. ತಪ್ಪಿದವನಿಗೆ ಇನ್ನೊಂದು ಯುಗವಿಲ್ಲ.

ಧರ್ಮವಿಚಾರ ಹಾಗಿರಲಿ; ನಂಬುವವರು ನಂಬಲಿ. ಮಕ್ಕಳಿಗಾಗಿ ಬರೆದ ಕಥೆಯೆಂದ ಮೇಲೆ ಅದನ್ನು ಕಥೆಯಾಗಿ ತೂಗಬೇಕಾದುದು ನ್ಯಾಯ. ಹಾಗೆ ತೂಗುವಾಗ ಮೊದಲು ಒಪ್ಪಿಕೊಳ್ಳಬೇಕಾದ ಮಾತೊಂದಿದೆ: ಈ ಮಾಲೆಯ ಆರಂಭ ಬಹಳ ಚೆನ್ನಾಗಿದೆ. ಜಡ್ ಅಲ್ಲದೆ ಇನ್ನೂ ಮೂವರು ಮಕ್ಕಳು ಇಲ್ಲಿದ್ದಾರೆ, ಎಲ್ಲರೂ ಷಿಕಾಗೋದ ಹೊರವಲಯದ ಮೌಂಟ್ ಪ್ರಾಸ್ಪೆಕ್ಟ್ ಎಂಬ ಊರಿನವರು. ವಿಕಿ ಬರ್ನ್ ಬಡವರ ಮಗಳು. ಗಾಲಿಮನೆಗಳ ಬಡಾವಣೆಯಲ್ಲಿ ಬೆಳೆದವಳು. ಅವಳ ತಾಯಿತಂದೆಗಳು ಇದ್ದಕ್ಕಿದ್ದಂತೆ ಭಕ್ತರಾಗಿ ಬದಲಾದುದು ಅವಳಿಗೆ ಸಹಿಸದು. ಲಯನಲ್ ವಾಷಿಂಗ್ಟನ್ ಭಕ್ತರ ಮನೆಯಲ್ಲೇ ಹುಟ್ಟಿ, ಒಳಗೆ ನಂಬದೆ ಹೊರಗೆ ನಂಬಿದಂತೆ ನಟಿಸುತ್ತ ಬಂದವನು. ಎಲ್ಲರಿಗಿಂತ ಕಿರಿಯನಾದ ರಯನ್ ಡೇಲಿಯ ಮನೆಯಲ್ಲಿ ಚರ್ಚಿನ ಸುದ್ದಿಯೇ ಇಲ್ಲ. ಹೆತ್ತವರು ಬದಲಾದರೆಂಬ ಸಿಟ್ಟು, ನಟಿಸಿ ನಟಿಸಿ ಬಂದ ಬೇಸರ, ಓಡಿಹೋಗಬೇಕೆಂಬ ಆಸೆ — ಇವು ಯಾವ ದೇಶದ ಹದಿಹರೆಯಕ್ಕೂ ಹೊಸವಲ್ಲ. ನಾಲ್ವರನ್ನೂ ಒಂದೇ ರಾತ್ರಿ ಅನಾಥರನ್ನಾಗಿಸಿ ನಿಲ್ಲಿಸಿದ ಲೇಖಕರ ಕೈಯಲ್ಲಿ ಒಂದು ದೊಡ್ಡ ಕಾದಂಬರಿಯ ಬೀಜವಿತ್ತು.

ಬೀಜವಿತ್ತು, ಆದರೆ ನೀರೆರೆಯುವ ವ್ಯವಧಾನ ಇರಲಿಲ್ಲ. ಮಾಲೆಯ ಹೆಸರೇ ‘ಉಳಿದುಹೋದವರು’ ಎಂದಿದ್ದರೂ ಉಳಿದುಹೋದುದರ ನೋವಿನಲ್ಲಿ ಕಥೆ ಒಂದು ಗಳಿಗೆಯೂ ಕೂರುವುದಿಲ್ಲ. ಬರಿದಾದ ಮನೆಗೆ ಮಕ್ಕಳು ಬಂದರು, ಅತ್ತರು, ಚರ್ಚಿಗೆ ಹೋದರು. ಅಲ್ಲಿ ಬ್ರೂಸ್ ಬಾರ್ನ್ಸ್ ಎಂಬ ಬೋಧಕನಿದ್ದಾನೆ; ಬೋಧಕನಾಗಿದ್ದೂ ಮನಸಾರೆ ನಂಬದೆ ಇದ್ದುದರಿಂದ ಅವನೂ ಉಳಿದುಹೋದವನೇ. ಹೆಂಡತಿ ಮಕ್ಕಳನ್ನು ಕಳೆದುಕೊಂಡ ಅವನು ಮಕ್ಕಳನ್ನು ಕೂರಿಸಿಕೊಂಡು ನಡೆದುದೇನು, ಮುಂದೆ ನಡೆಯಲಿರುವುದೇನು ಎಂದು ವಿವರಿಸುತ್ತಾನೆ. ಹೋದವರು ಸ್ವರ್ಗದಲ್ಲಿ ಸುಖವಾಗಿದ್ದಾರೆ. ನೀವು ಇಲ್ಲಿರುವುದು ನಿಮ್ಮ ತಪ್ಪಿನಿಂದ. ಅಲ್ಲಿಗೆ ದುಃಖವು ದುಃಖವಾಗಿ ಉಳಿಯದೆ ಅಪರಾಧವಾಗಿಬಿಡುತ್ತದೆ. ಅಪರಾಧಕ್ಕೆ ಪರಿಹಾರವುಂಟು, ಒಂದು ಪ್ರಾರ್ಥನೆ. ದುಃಖಕ್ಕೆ ಹಾಗಲ್ಲ, ಅದಕ್ಕೆ ಕಾಲ ಬೇಕು, ಪುಟಗಳೂ ಬೇಕು.

ದೊಡ್ಡವರ ಮಾಲೆಯಲ್ಲಿ ಈ ಕೊರತೆ ಇನ್ನೂ ಎದ್ದು ಕಾಣುತ್ತದೆ. ಆ ಕ್ಷಣದಲ್ಲಿ ಜಗತ್ತಿನ ಹಸುಗೂಸುಗಳೆಲ್ಲ, ಇನ್ನೂ ಗರ್ಭದಲ್ಲಿದ್ದ ಶಿಶುಗಳು ಸಹ, ಕಣ್ಮರೆಯಾದವೆಂದು ಕಥೆ ಹೇಳುತ್ತದೆ. ಒಂದು ಮನೆಯ ತೊಟ್ಟಿಲು ಬರಿದಾದರೆ ಕೇರಿಯೇ ಕೂಡಿ ಅಳುತ್ತದೆ. ಇಲ್ಲಿ ಲೋಕದ ತೊಟ್ಟಿಲುಗಳೆಲ್ಲ ಒಂದೇ ಗಳಿಗೆಯಲ್ಲಿ ಬರಿದಾಗಿವೆ. ಆದರೂ ಕೆಲವೇ ದಿನಗಳಲ್ಲಿ ಪತ್ರಿಕೆಯವರು ಸುದ್ದಿ ಹುಡುಕಿಕೊಂಡು ಹೊರಡುತ್ತಾರೆ, ವಿಶ್ವಸಂಸ್ಥೆಯಲ್ಲಿ ಭಾಷಣಗಳು ನಡೆಯುತ್ತವೆ. ಮಡಿಲು ಬರಿದಾದ ತಾಯಂದಿರು ಎಲ್ಲಿಗೆ ಹೋದರು? ಲೇಖಕರು ಕೇಳಿಕೊಂಡಂತೆ ತೋರುವುದಿಲ್ಲ. ಮಕ್ಕಳ ಮಾಲೆಯಲ್ಲಿಯೂ ಶಾಲೆ ಮತ್ತೆ ತೆರೆಯುತ್ತದೆ. ಹೊಸ ಲೋಕನಾಯಕನ ಹೆಸರನ್ನು ಆ ಶಾಲೆಗೆ ಇಡುತ್ತಾರೆ. ನಾಲ್ವರೂ ಸೇರಿ ಗುಟ್ಟಾಗಿ ಒಂದು ಕರಪತ್ರಿಕೆಯನ್ನು ಹಂಚುತ್ತಾರೆ, ಸಿಕ್ಕಿಬೀಳುತ್ತಾರೆ, ತಪ್ಪಿಸಿಕೊಳ್ಳುತ್ತಾರೆ. ಸಾಹಸ ಸಾಗುತ್ತದೆ. ಧಾರಾವಾಹಿಯ ಓದುಗರಿಗೆ ಈ ತಂತ್ರ ಅಪರಿಚಿತವಲ್ಲ: ಅಧ್ಯಾಯದ ಕೊನೆಯಲ್ಲಿ ಬಾಗಿಲು ಬಡಿಯಬೇಕು, ಬಡಿದವರು ಯಾರೆಂಬುದು ಮುಂದಿನ ಕಂತಿಗೆ. ಅದರಲ್ಲಿ ದೋಷವೇನಿಲ್ಲ, ಒಳ್ಳೆಯ ಲೇಖಕರೂ ಬಾಗಿಲು ಬಡಿಸುತ್ತಾರೆ. ಆದರೆ ೪೦ ಪುಸ್ತಕಗಳ ಉದ್ದಕ್ಕೂ ಬಾಗಿಲ ಸದ್ದೇ ಕೇಳಿ, ಮನೆಯೊಳಗಿನವರ ಉಸಿರು ಕೇಳಿಸದೆ ಹೋದರೆ ಅದು ಕೊರತೆಯೇ.

ರಯನ್ ಡೇಲಿಯ ಪ್ರಸಂಗವನ್ನು ನೋಡಬಹುದು. ಉಳಿದವರ ತಾಯಿತಂದೆಗಳು ಎತ್ತಲ್ಪಟ್ಟರು, ಸ್ವರ್ಗದಲ್ಲಿದ್ದಾರೆ. ರಯನ್ನನ ತಾಯಿತಂದೆಗಳಿಗೆ ಆ ಭಾಗ್ಯವಿಲ್ಲ. ಅವರು ನಂಬಿದವರಲ್ಲ, ಅಂದಿನ ಅಲ್ಲೋಲಕಲ್ಲೋಲದಲ್ಲಿ ಸತ್ತುಹೋದರು. ಈ ಸಿದ್ಧಾಂತದ ತೀರ್ಪಿನಂತೆ ಅವರ ಪಾಲಿಗೆ ನರಕ. ಹಾಗಾದರೆ ಆ ಹುಡುಗನ ಗತಿಯೇನು? ತನ್ನ ಹೆತ್ತವರನ್ನು ನರಕಕ್ಕೆ ತಳ್ಳಿದ ನ್ಯಾಯವನ್ನು ಅವನು ಹೇಗೆ ಪ್ರೀತಿಸಬೇಕು? ದಾಸ್ತಯೆವ್‌ಸ್ಕಿಯಂಥವನ ಕೈಗೆ ಸಿಕ್ಕಿದ್ದರೆ ಈ ಒಂದು ಪ್ರಶ್ನೆಯೇ ಸಾವಿರ ಪುಟಗಳ ಗ್ರಂಥವಾಗುತ್ತಿತ್ತು. ಇಲ್ಲಿ ಪ್ರಶ್ನೆ ತಲೆಯೆತ್ತುತ್ತದೆ, ಕಥೆ ಅದನ್ನು ದಾಟಿಕೊಂಡು ಹೋಗುತ್ತದೆ. ರಯನ್ನನೂ ಕೊನೆಗೆ ನಂಬಿದವರ ಸಾಲಿಗೆ ಸೇರುತ್ತಾನೆ. ಮುಂದೆ, ವೇಳಾಪಟ್ಟಿಯಲ್ಲಿ ನಮೂದಾಗಿರುವ ಮಹಾಭೂಕಂಪದ ಹಾವಳಿಗೆ ತುತ್ತಾಗಿ ಸಾಯುತ್ತಾನೆ. ಅವನು ಕೇಳಬೇಕಾಗಿದ್ದ ಪ್ರಶ್ನೆಯೂ ಅವನೊಡನೆಯೇ ಮುಗಿಯಿತು.

ವೇಳಾಪಟ್ಟಿಯ ಈ ಕಾಟ ಮಕ್ಕಳ ಮಾಲೆಗೆ ಇಮ್ಮಡಿಯಾಗಿದೆ. ಒಂದನೆಯದಾಗಿ, ಜಗತ್ತಿನಲ್ಲಿ ಆಗಬೇಕಾದುದೆಲ್ಲ ಗ್ರಂಥದಲ್ಲಿ ಬರೆದಾಗಿದೆ. ಎರಡನೆಯದಾಗಿ, ಇವೇ ಘಟನೆಗಳು ದೊಡ್ಡವರ ಕಾದಂಬರಿಗಳಲ್ಲಿ ಆಗಲೇ ನಡೆದುಹೋಗಿವೆ. ಮಕ್ಕಳ ಕಥೆ ಅದಕ್ಕೆ ಸಮಾನಾಂತರವಾಗಿ ಸಾಗಬೇಕು. ಜಡ್ ಹತ್ತಿದ ವಿಮಾನದ ಚಾಲಕ ದೊಡ್ಡವರ ಮಾಲೆಯ ನಾಯಕನಾದ ರೇಫೋರ್ಡ್ ಸ್ಟೀಲ್. ರಯನ್ನನ ಗೆಳೆಯ ಆ ಚಾಲಕನ ಮಗ. ದೊಡ್ಡವರ ದೊಡ್ಡ ಕಾರ್ಯಗಳನ್ನು ಮಕ್ಕಳು ಬಾಗಿಲ ಸಂದಿಯಿಂದ ನೋಡಬಹುದು, ಓಡಾಡಿ ಸುದ್ದಿ ಮುಟ್ಟಿಸಬಹುದು. ಒಂದು ಘಟನೆಯನ್ನಾದರೂ ತಮ್ಮ ಬುದ್ಧಿಯಿಂದ, ತಮ್ಮ ಧೈರ್ಯದಿಂದ ಬೇರೆ ದಾರಿಗೆ ತಿರುಗಿಸುವ ಹಕ್ಕು ಅವರಿಗಿಲ್ಲ. ಬಾಲಕಥೆಯ ಜೀವವೇ ಅದರಲ್ಲಲ್ಲವೆ? ಚಿಕ್ಕವನೊಬ್ಬ ದೊಡ್ಡವರಿಗಾಗದ ಕೆಲಸವನ್ನು ಮಾಡಿಬಿಡುತ್ತಾನೆಂಬ ಆಸೆಯಿಂದಲೇ ಮಕ್ಕಳು ಪುಟ ತಿರುಗಿಸುವುದು. ಈ ಕಥೆಗಳಲ್ಲಿ ಮಕ್ಕಳಿಗೆ ಉಳಿದಿರುವ ಸ್ವಾತಂತ್ರ್ಯ ಒಂದೇ: ನಂಬುವುದು ಅಥವಾ ನಂಬದಿರುವುದು. ಅದೂ ಒಮ್ಮೆ ಆಯಿತೆಂದರೆ ಮುಗಿಯಿತು. ಆಮೇಲೆ ಪಾತ್ರ ಬೆಳೆಯುವುದಿಲ್ಲ, ಪುಸ್ತಕಗಳ ಸಂಖ್ಯೆ ಬೆಳೆಯುತ್ತದೆ.

ಇನ್ನೊಂದು ಸಂಗತಿ ತಾಯಿತಂದೆಗಳ ಗಮನಕ್ಕೆ ಬರಬೇಕಾದದ್ದು. ಈ ಮಾಲೆಗಳ ಖಳನಾಯಕ, ಅಂದರೆ ಕ್ರಿಸ್ತವಿರೋಧಿ, ನಿಕೊಲೇ ಕಾರ್ಪೇಥಿಯ ಎಂಬ ರುಮೇನಿಯಾ ದೇಶದವನು. ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿ ಬಂದು, ರಾಷ್ಟ್ರಗಳು ತಮ್ಮ ಅಸ್ತ್ರಗಳಲ್ಲಿ ನೂರಕ್ಕೆ ತೊಂಬತ್ತು ಪಾಲನ್ನು ನಾಶಮಾಡಿ ಉಳಿದ ಹತ್ತನ್ನು ತನ್ನ ಸಂಸ್ಥೆಗೆ ಒಪ್ಪಿಸಬೇಕೆನ್ನುತ್ತಾನೆ, ಶಾಂತಿಯ ಮಾತನಾಡುತ್ತಾನೆ, ಲೋಕಕ್ಕೆಲ್ಲ ಒಂದೇ ಆಡಳಿತ ಎನ್ನುತ್ತಾನೆ. ಕಪಟಿಯ ಬಾಯಲ್ಲಿ ಸವಿಮಾತಿರುವುದು ಕಥೆಗಳಲ್ಲಿ ಹಳೆಯ ಕ್ರಮ. ಸೀತೆಯ ಮುಂದೆ ರಾವಣ ನಿಂತದ್ದೂ ಸನ್ಯಾಸಿಯ ವೇಷದಲ್ಲಿ. ಆದರೆ ಅಲ್ಲಿ ಸನ್ಯಾಸವೇ ಕೆಟ್ಟದ್ದೆಂದು ಯಾರೂ ಹೇಳುವುದಿಲ್ಲ. ನಿಜವಾದ ಋಷಿಗಳೂ ಅದೇ ಕಾವ್ಯದಲ್ಲಿದ್ದಾರೆ. ಈ ಕಾದಂಬರಿಗಳಲ್ಲಿ ಯುದ್ಧ ನಿಲ್ಲಿಸಹೊರಟ ಒಬ್ಬ ಪ್ರಾಮಾಣಿಕನನ್ನು ಖಳನಿಗೆ ಎದುರಾಗಿ ತೂಕಕ್ಕೆ ನಿಲ್ಲಿಸಿಲ್ಲ. ಶಾಂತಿ ಎಂದವನ ಮೇಲೆ ಗುಮಾನಿ ಪಡಬೇಕೆಂಬುದು ಹನ್ನೆರಡು ವರ್ಷದ ಓದುಗನ ಮನಸ್ಸಿನಲ್ಲಿ ನಿಲ್ಲುವ ಪಾಠ. ಬೇರೆ ಮತದವರ ವಿಷಯವೂ ಹಾಗೆಯೇ. ಯೆಹೂದಿ ಪಂಡಿತನಾದ ತ್ಸಿಯೋನ್ ಬೆನ್-ಜೂಡನಿಗೆ ಕಥೆಯಲ್ಲಿ ಬಹಳ ಗೌರವವುಂಟು, ಆದರೆ ಆ ಗೌರವವೆಲ್ಲ ಅವನು ಮತಾಂತರಗೊಂಡುದಕ್ಕಾಗಿ.

ಇವೆಲ್ಲ ಪುಸ್ತಕದೊಳಗಿನ ಮಾತು. ಪುಸ್ತಕದಿಂದ ಹೊರಗೆ, ಓದುವ ಮಗುವಿನ ಮನೆಯಲ್ಲಿ ನಡೆಯುವುದು ಅದಕ್ಕಿಂತ ಗಂಭೀರವಾದದ್ದು. ಈ ಬಗೆಯ ಕಥನಕ್ಕೆ ‘ಲೆಫ್ಟ್ ಬಿಹೈಂಡ್’ ಮೊದಲಲ್ಲ. ೧೯೭೦ರಲ್ಲಿ ಹಾಲ್ ಲಿಂಡ್ಸೆಯವರ ‘ದಿ ಲೇಟ್ ಗ್ರೇಟ್ ಪ್ಲಾನೆಟ್ ಅರ್ಥ್’ ಎಂಬ ಪುಸ್ತಕ ಅಂತ್ಯ ಹತ್ತಿರ ಬಂತೆಂದು ಡಂಗುರ ಹೊಡೆಯಿತು. ೧೯೭೨ರಲ್ಲಿ ಐಯೋವಾ ರಾಜ್ಯದಲ್ಲಿ ಅಲ್ಪ ವೆಚ್ಚದಲ್ಲಿ ತೆಗೆದ ‘ಎ ಥೀಫ್ ಇನ್ ದಿ ನೈಟ್’ ಎಂಬ ಚಿತ್ರ ಬಂತು. ಅದು ಪ್ರದರ್ಶಿತವಾದದ್ದು ಹೆಚ್ಚಾಗಿ ಚಿತ್ರಮಂದಿರಗಳಲ್ಲಲ್ಲ. ಚರ್ಚುಗಳಲ್ಲಿ, ತರುಣರ ಕೂಟಗಳಲ್ಲಿ. ಅದರ ಆರಂಭದಲ್ಲಿ ಪ್ಯಾಟಿ ಎಂಬ ಯುವತಿ ನಿದ್ದೆಯಿಂದೇಳುತ್ತಾಳೆ, ರೇಡಿಯೋ ಮಾತನಾಡುತ್ತಿದೆ, ಗಂಡನನ್ನು ಕೂಗುತ್ತಾಳೆ, ಉತ್ತರವಿಲ್ಲ. ಮುಖ ತೊಳೆಯುವ ತೊಟ್ಟಿಯಲ್ಲಿ ಅವನ ವಿದ್ಯುತ್ ಕ್ಷೌರಯಂತ್ರ ಗುರ್ರೆನ್ನುತ್ತ ಬಿದ್ದಿದೆ. ರಕ್ತವಿಲ್ಲ, ರಾಕ್ಷಸನಿಲ್ಲ. ಆದರೂ ಚಿತ್ರವನ್ನು ಎಳೆಯ ವಯಸ್ಸಿನಲ್ಲಿ ನೋಡಿದ ಎಷ್ಟೋ ಮಂದಿ ಮುಂದೆ ಮಧ್ಯವಯಸ್ಸಿನಲ್ಲಿಯೂ ಆ ಗುರ್ರೆನ್ನುವ ಸದ್ದನ್ನು ಮರೆಯಲಾರದವರಾಗಿದ್ದಾರೆ.

ಏಕೆಂದರೆ ಆ ಭಯ ಮನೆಯ ಭಯ. ಅಂಥ ಮನೆಗಳಲ್ಲಿ ಬೆಳೆದ ಅನೇಕರು ದೊಡ್ಡವರಾದ ಮೇಲೆ ಬರೆದುಕೊಂಡಿರುವ ನೆನಪುಗಳು ಒಂದನ್ನೊಂದು ಹೋಲುತ್ತವೆ. ಶಾಲೆ ಬಿಟ್ಟು ಬಂದಾಗ ಮನೆಯಲ್ಲಿ ಯಾರೂ ಕಾಣುವುದಿಲ್ಲ. ಒಲೆಯ ಮೇಲೆ ಪಾತ್ರೆ ಇದೆ, ತಾಯಿಯಿಲ್ಲ. ಆಕೆ ಹಿತ್ತಲಿನಲ್ಲಿರಬಹುದು, ನೆರೆಮನೆಗೆ ಹೋಗಿರಬಹುದು ಎಂದು ಬೇರೆ ಮಕ್ಕಳು ಎಣಿಸುವರು. ಈ ಮಗು ಎಣಿಸುವುದು ಬೇರೆ: ಅಮ್ಮನನ್ನು ದೇವರು ಕರೆದೊಯ್ದ, ನನ್ನನ್ನು ಬಿಟ್ಟ. ಊರಿನಲ್ಲಿ ಖಂಡಿತ ಸ್ವರ್ಗಕ್ಕೆ ಹೋಗತಕ್ಕವರೆಂದು ಹೆಸರಾದ ಯಾರಾದರೊಬ್ಬ ಭಕ್ತರ ಮನೆಗೆ ಫೋನ್ ಮಾಡಿ, ಅವರ ಧ್ವನಿ ಕೇಳಿದೊಡನೆ ಏನೂ ಮಾತನಾಡದೆ ಇಟ್ಟುಬಿಟ್ಟವರುಂಟು. ರಾತ್ರಿ ಎದ್ದು ಹೋಗಿ ತಾಯಿತಂದೆಗಳ ಉಸಿರಾಟವನ್ನು ಆಲಿಸಿ ಬಂದು ಮಲಗಿದವರುಂಟು. ಮಗುವಿಗೆ ತಾಯಿಯ ಭಕ್ತಿಯೇ ನೆಮ್ಮದಿಯಾಗಬೇಕು. ಇಲ್ಲಿ ತಾಯಿ ಎಷ್ಟು ಭಕ್ತಳೋ ಅಷ್ಟು ಬೇಗ ಕೈಬಿಟ್ಟು ಹೋಗುವವಳು! ಇನ್ನು ಕೆಲವರು ಕಾಲೇಜಿನ ಓದು, ಉದ್ಯೋಗ, ಮದುವೆ ಯಾವುದನ್ನೂ ಮನಸ್ಸಿಟ್ಟು ಯೋಚಿಸಲಾರದೆ ಬೆಳೆದರು. ಅಷ್ಟು ದಿನ ಲೋಕ ಇದ್ದರೆ ತಾನೆ? ೧೯೮೮ರಲ್ಲಿ ಅಂತ್ಯವೆಂದರು, ೨೦೧೧ರ ಮೇ ೨೧ರಂದು ಎಂದರು. ಎರಡು ದಿನಾಂಕಗಳೂ ಕಳೆದವು; ಮಕ್ಕಳಿಗೆ ನರೆಗೂದಲು ಬಂತು.

ಓದುಗರೆಲ್ಲರೂ ಕೊಟ್ಟುದನ್ನು ಕೊಟ್ಟಂತೆ ನುಂಗುವರೆಂದು ಇದರ ಅರ್ಥವಲ್ಲ. ಆಮಿ ಜಾನ್ಸನ್ ಫ್ರೈಕೋಮ್ ಎಂಬ ಸಂಶೋಧಕಿ ಈ ಕಾದಂಬರಿಗಳ ಓದುಗರೊಡನೆ ಮಾತನಾಡಿ ೨೦೦೪ರಲ್ಲಿ ಪ್ರಕಟಿಸಿದ ‘ರ‍್ಯಾಪ್ಚರ್ ಕಲ್ಚರ್’ ಎಂಬ ಗ್ರಂಥದಲ್ಲಿ, ಮನೆಯಲ್ಲಿ ಮತ್ತು ಸಭೆಯಲ್ಲಿ ಕೈಯಿಂದ ಕೈಗೆ ದಾಟುವ ಈ ಪುಸ್ತಕಗಳನ್ನು ಒಬ್ಬೊಬ್ಬರು ಒಂದೊಂದು ಬಗೆಯಾಗಿ ಓದುವುದನ್ನು ತೋರಿಸಿದ್ದಾರೆ. ಆದರೆ ಆ ಸ್ವಾತಂತ್ರ್ಯ ಪ್ರೌಢರಿಗೆ ಉಂಟು. ಹತ್ತು ವರ್ಷದ ಮಗು, ಅದೂ ಪುಸ್ತಕವನ್ನು ಕೈಗಿತ್ತವರು ತಾಯಿತಂದೆಗಳೇ ಆಗಿರುವಾಗ, ಇದು ಕೇವಲ ಕಥೆ ಎಂದು ಅಂದುಕೊಳ್ಳುವುದು ಹೇಗೆ?

ಅಂತ್ಯಕಾಲದ ಕಥೆಯನ್ನು ಮಕ್ಕಳಿಗೆ ಹೇಳಲೇಬಾರದೆ? ಭಕ್ತಿಯ ಕಥೆಯೆಂದ ಮಾತ್ರಕ್ಕೆ ಸಾಹಿತ್ಯ ಸೊರಗಬೇಕೆ? ಹಾಗೇನೂ ಇಲ್ಲ. ೧೯ನೆಯ ಶತಮಾನದಲ್ಲಿ ಬಾಸೆಲ್ ಮಿಷನ್ನಿನವರು ‘ಯಾತ್ರಿಕನ ಸಂಚಾರ’ ಎಂಬ ಹೆಸರಿನಿಂದ ಕನ್ನಡಕ್ಕೆ ತಂದ ಜಾನ್ ಬನ್ಯನ್ನನ ಗ್ರಂಥವೂ ಇಂಥದೇ ಭೀತಿಯಿಂದ ಹೊರಡುತ್ತದೆ. ಊರು ಬೆಂಕಿಗೆ ಆಹುತಿಯಾಗಲಿದೆಯೆಂದು ತಿಳಿದ ನಾಯಕ ಬೆನ್ನ ಮೇಲಿನ ಹೊರೆಯೊಡನೆ ಓಡುತ್ತಾನೆ. ಹೆಂಡತಿ ಮಕ್ಕಳು ಕೂಗಿ ಕರೆದರೆ ಕಿವಿಗೆ ಬೆರಳಿಟ್ಟುಕೊಂಡು ಓಡುತ್ತಾನೆ. ಕಲ್ಲೆದೆಯವನಂತೆ ಕಾಣುತ್ತಾನೆ. ಆದರೆ ಅವನ ಮುಂದಿನ ದಾರಿಯಲ್ಲಿ ಹೆಜ್ಜೆಹೆಜ್ಜೆಗೂ ಕೆಸರಿದೆ, ಅಡ್ಡದಾರಿಯಿದೆ, ಸಂಶಯದ ಸೆರೆಮನೆಯಿದೆ. ನಂಬಿದೊಡನೆ ಅವನ ಕಥೆ ಮುಗಿಯುವುದಿಲ್ಲ, ಆರಂಭವಾಗುತ್ತದೆ. ಅಷ್ಟೇ ಅಲ್ಲ: ೧೬೭೮ರಲ್ಲಿ ಮೊದಲ ಭಾಗವನ್ನು ಪ್ರಕಟಿಸಿದ ಬನ್ಯನ್ ೧೬೮೪ರಲ್ಲಿ ಎರಡನೆಯ ಭಾಗವನ್ನು ಬರೆದ. ಅದು ಊರಿನಲ್ಲಿ ಉಳಿದುಹೋದ ಆ ಹೆಂಡತಿ ಮತ್ತು ನಾಲ್ವರು ಗಂಡುಮಕ್ಕಳ ಯಾತ್ರೆ. ಉಳಿದವರನ್ನು ಕರೆತರಲು ಲೇಖಕನೇ ಆರು ವರ್ಷಗಳ ಅನಂತರ ಹಿಂದಿರುಗಿ ಹೋದಂತಾಯಿತು.

ಮಕ್ಕಳಿಗೆಂದೇ ಬರೆದ ಅಂತ್ಯದ ಕಥೆ ಬೇಕೆಂದರೆ ಸಿ. ಎಸ್. ಲೂಯಿಸರ ‘ದಿ ಲಾಸ್ಟ್ ಬ್ಯಾಟಲ್’ ಇದೆ. ನಾರ್ನಿಯ ಎಂಬ ಕಲ್ಪಿತ ದೇಶದ ಏಳನೆಯ ಮತ್ತು ಕೊನೆಯ ಕಥೆ. ೧೯೫೬ರಲ್ಲಿ ಪ್ರಕಟವಾಗಿ, ಇಂಗ್ಲೆಂಡಿನ ಮಕ್ಕಳ ಸಾಹಿತ್ಯದ ಕಾರ್ನೆಗಿ ಪದಕ ಪಡೆದದ್ದು. ಲೂಯಿಸರೂ ದೃಢ ಕ್ರೈಸ್ತರೇ. ಇಲ್ಲಿಯೂ ನಕ್ಷತ್ರಗಳು ಉದುರುತ್ತವೆ, ಲೋಕ ಕತ್ತಲಾಗುತ್ತದೆ. ಆದರೆ ಅನಾಹುತ ಮೊದಲಾಗುವುದು ಯಾವ ವೇಳಾಪಟ್ಟಿಯಿಂದಲೂ ಅಲ್ಲ. ಷಿಫ್ಟ್ ಎಂಬ ದುರಾಸೆಯ ಮುದಿ ಕೋತಿಯೊಂದು ಪಜಲ್ ಎಂಬ ಬೆಪ್ಪು ಕತ್ತೆಗೆ ಸಿಂಹದ ಚರ್ಮ ಹೊದಿಸಿ, ದೇವರೆಂದು ಸಾರಿ, ಊರನ್ನು ದೋಚುತ್ತದೆ. ಪಂಚತಂತ್ರ ಬಲ್ಲ ಮಗುವಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಸುಳ್ಳು ದೇವರನ್ನು ತಂದವರು ಹೊರಗಿನ ಶತ್ರುಗಳಲ್ಲ, ದೇವರ ಹೆಸರು ಹೇಳುವವರೇ ಎಂಬುದು ಕಥೆಯ ಕಹಿಯಾದ ತಿರುಳು. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬಾಳೆಲ್ಲ ಬೇರೊಂದು ದೇವರನ್ನು ಪ್ರಾಮಾಣಿಕವಾಗಿ ಪೂಜಿಸಿದ ಎಮೆತ್ ಎಂಬ ಶತ್ರುದೇಶದ ಯೋಧನನ್ನು ಲೂಯಿಸರು ಸ್ವರ್ಗದ ಬಾಗಿಲೊಳಗೆ ಬರಮಾಡಿಕೊಳ್ಳುತ್ತಾರೆ. ರಯನ್ ಡೇಲಿಯ ತಾಯಿತಂದೆಗಳಿಗೆ ಸಿಗದ ಬಾಗಿಲು ಅದು.

ಲೂಯಿಸರ ಪುಸ್ತಕವೂ ದೋಷವಿಲ್ಲದ್ದಲ್ಲ. ಶತ್ರುದೇಶವಾದ ಕಾಲೋರ್ಮೆನಿನ ಚಿತ್ರಣದಲ್ಲಿ ಪೂರ್ವದೇಶದವರ ಬಗೆಗಿನ ಹಳೆಯ ತಾತ್ಸಾರ ಇಣುಕುತ್ತದೆ. ಹಿಂದಿನ ಕಥೆಗಳಲ್ಲಿ ರಾಣಿಯಾಗಿ ಆಳಿದ ಸೂಸನ್ ಎಂಬ ಹುಡುಗಿ ತುಟಿಬಣ್ಣ, ಔತಣಕೂಟಗಳಿಗೆ ಮನಸೋತು ನಾರ್ನಿಯವನ್ನು ಮರೆತಳೆಂದು ಅವಳನ್ನು ಕೊನೆಯ ಕಥೆಯಿಂದ ಹೊರಗಿಟ್ಟದ್ದು ಅನೇಕ ಓದುಗರಿಗೆ ಇಂದಿಗೂ ನುಂಗಲಾರದ ತುತ್ತು. ಅಣ್ಣ, ತಮ್ಮ, ತಂಗಿ, ತಾಯಿ, ತಂದೆ ಎಲ್ಲರೂ ರೈಲು ಅಪಘಾತದಲ್ಲಿ ಸತ್ತು ಆಚೆಯ ಲೋಕ ಸೇರುತ್ತಾರೆ. ಸೂಸನ್ ಒಬ್ಬಳೇ ಇಂಗ್ಲೆಂಡಿನಲ್ಲಿ ಉಳಿಯುತ್ತಾಳೆ. ಅವಳೂ ಉಳಿದುಹೋದ ಹುಡುಗಿಯೇ.

ಪುಸ್ತಕ ಓದಿದ ಮಕ್ಕಳು ಸುಮ್ಮನಿರಲಿಲ್ಲ. ಸೂಸನ್ ಏನಾದಳೆಂದು ಲೂಯಿಸರಿಗೆ ಕಾಗದ ಬರೆದರು. ೧೯೫೭ರಲ್ಲಿ ಒಬ್ಬ ಬಾಲಕನಿಗೆ ಅವರು ಉತ್ತರಿಸಿದರು: ಪುಸ್ತಕ ಅದನ್ನು ಹೇಳುವುದಿಲ್ಲ, ಅವಳಿನ್ನೂ ಈ ಲೋಕದಲ್ಲಿ ಜೀವದಿಂದಿದ್ದಾಳೆ, ತಿದ್ದಿಕೊಳ್ಳಲು ಅವಳಿಗೆ ಬೇಕಾದಷ್ಟು ಕಾಲವಿದೆ ಎಂಬುದು ಆ ಕಾಗದದ ಭಾವ. ೧೯೬೦ರಲ್ಲಿ ಇನ್ನೊಬ್ಬ ಓದುಗಳು ಅದೇ ಪ್ರಶ್ನೆಯನ್ನು ಕೇಳಿದಾಗ, ಆ ಕಥೆಯನ್ನು ತಾನು ಬರೆಯಲಾರೆನೆಂದು ತಿಳಿಸಿ, ನೀನೇ ಏಕೆ ಬರೆದು ನೋಡಬಾರದೆಂದು ಕೇಳಿದರು.